ಕೂಲಿಯ ಹೊಗಳಿಕೆ

ತನ್ನ ಪುಸ್ತಕವನ್ನು ತಾನೇ ಇ-ಪುಸ್ತಕವಾಗಿ ಪ್ರಕಟಿಸಲು ಅಮೆಜಾನ್ 2007ರಲ್ಲಿ ಲೇಖಕನಿಗೆ ಬಾಗಿಲು ತೆರೆಯಿತು. ಬಾಗಿಲು ತೆರೆದ ಮಾತ್ರಕ್ಕೆ ಓದುಗ ಬಂದಾನೆಯೆ? 2010ರಲ್ಲಿ ಆರಂಭವಾದ ಫೈವರ್ ಎಂಬ ಅಂತರ್ಜಾಲದ ಪೇಟೆಯಲ್ಲಿ ಐದು ಡಾಲರಿಗೆ ಪ್ರಚಾರಕರು ದೊರೆತರು, ವಿಮರ್ಶಕರೂ ದೊರೆತರು! ಹಣ ಪಡೆದು ಸುಳ್ಳು ವಿಮರ್ಶೆ ಬರೆಯುತ್ತಿದ್ದರೆಂದು 1,114 ಮಂದಿ ಅನಾಮಧೇಯರ ಮೇಲೆ ಅಮೆಜಾನ್ 2015ರ ಅಕ್ಟೋಬರಿನಲ್ಲಿ ದಾವೆ ಹೂಡಿತು.

ಲೆಕ್ಕವನ್ನಾದರೂ ನೋಡೋಣ. 99 ಸೆಂಟಿನ ಪುಸ್ತಕದಲ್ಲಿ ಲೇಖಕನ ಪಾಲು ಶೇಕಡ 35. ಪ್ರಚಾರಕನಿಗಿತ್ತ ಐದು ಡಾಲರು ಮರಳಬೇಕಾದರೆ 15 ಪ್ರತಿಗಳು ಹೆಚ್ಚಾಗಿ ಮಾರಬೇಕು. ಸಾವಿರಾರು ಅನುಯಾಯಿಗಳಿಗೆ ಸಾರುವೆನೆಂಬವನ ಡಂಗುರವನ್ನು ಕೇಳುವವರಾರು? ಬಹುಮಟ್ಟಿಗೆ ಬೇರೆ ಡಂಗುರದವರೇ ಎಂಬುದು ನನ್ನ ಗುಮಾನಿ. ಕೂಲಿ ಕೊಡುವುದೇ ತಪ್ಪೆಂದು ನಾನು ಹೇಳಲಾರೆ. ಕರಡು ತಿದ್ದಿದವನಿಗೂ ಮುಖಚಿತ್ರ ಬರೆದವನಿಗೂ ಕೊಟ್ಟ ಹಣ ಪುಸ್ತಕದಲ್ಲಿಯೇ ಉಳಿಯುತ್ತದೆ, ಮಾರಾಟವಾಗದಿದ್ದರೂ ಉಳಿಯುತ್ತದೆ.