ಹಡಗು ಇಳಿಯುವ ದಿನ ವಿಮಾನ ಬೇಡ

ಮುಂಬೈಯಲ್ಲಿ ಹಡಗು ಹತ್ತುವುದು, ಗೋವಾ ನೋಡುವುದು, ಎರಡು ಮೂರು ರಾತ್ರಿ ಸಮುದ್ರದ ಮೇಲೆ ಕಳೆದು ಮರಳುವುದು. ಕ್ರೂಸ್ ಎಂಬ ಈ ಆಸೆ ಈಗ ಸೊಲ್ಲಾಪುರ, ಅಕ್ಕಲಕೋಟ, ಮಂಗಳವೇಢೆ ಕಡೆಯ ಮನೆಗಳಿಗೂ ಬಂದಿದೆ. ಅಪ್ಪ ಅವ್ವನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತೆಂದು ಮಕ್ಕಳು ದುಡ್ಡು ಕೂಡಿಸಿ ಕೊಡುವ ಉಡುಗೊರೆ ಇದಾದರೆ ಬಹಳ ಒಳ್ಳೆಯದು. ಆದರೆ ಮನೆಯಲ್ಲಿ ಮೊಬೈಲ್ ಹಿಡಿದು ಟಿಕೆಟ್ ತೆಗೆಯುವವರು ಯುವಜನರಾದ ನಾವೇ. ಹಾಗಾಗಿ ಈ ಮಾತನ್ನು ನಾವೇ ಮೊದಲು ಕೇಳಿಸಿಕೊಳ್ಳಬೇಕು: ಹಡಗು ಮರಳುವ ದಿನವೇ ಊರಿಗೆ ವಿಮಾನ ಬುಕ್ ಮಾಡಬೇಡಿ.

ಟಿಕೆಟ್ಟಿನಲ್ಲಿ ಮುಂಜಾನೆ ಇಂಥ ತಾಸಿಗೆ ಹಡಗು ಬರುತ್ತದೆಂದು ಬರೆದಿರುತ್ತದೆ. ಅದು ಹಡಗು ಬರುವ ವೇಳೆ, ನಾವು ಇಳಿಯುವ ವೇಳೆಯಲ್ಲ. ಬಂದರಿನ ಪೈಲಟ್ ಹಡಗಿಗೆ ಬರಬೇಕು, ದಡದಲ್ಲಿ ಜಾಗ ಖಾಲಿ ಇರಬೇಕು, ಆಮೇಲೆ ಸಾವಿರಾರು ಜನ ಸರದಿಯಲ್ಲಿ ಇಳಿಯಬೇಕು. ಗಾಳಿ, ಮಂಜು, ಯಾರಿಗೋ ಆರೋಗ್ಯ ಕೆಟ್ಟಿದ್ದು, ಯಾವುದೂ ತಡಕ್ಕೆ ಕಾರಣವಾಗಬಹುದು. ವೇಳೆಗೆ ತಲುಪಿಸುತ್ತೇವೆಂಬ ಖಾತರಿಯನ್ನು ಹಡಗಿನ ಕಂಪನಿಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಟಿಕೆಟ್ಟಿನ ಷರತ್ತುಗಳಲ್ಲೇ ಅದನ್ನು ಬರೆದಿಟ್ಟಿರುತ್ತಾರೆ. ನಾವು ಯಾರೂ ಅದನ್ನು ಓದುವುದಿಲ್ಲ ಅಷ್ಟೇ. ಇತ್ತ ವಿಮಾನ ಕಂಪನಿಗೆ ನಮ್ಮ ಹಡಗಿನ ಸುದ್ದಿಯೇ ಗೊತ್ತಿಲ್ಲ. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯವಾಗಿ ಒಂದು ತಾಸು ಮೊದಲೇ ಕೌಂಟರ್ ಮುಚ್ಚುತ್ತದೆ. ತಡವಾಗಿ ಬಂದವರಿಗೆ ಮುಂದಿನ ವಿಮಾನ ಕೊಡಬೇಕೆಂಬ ನಿಯಮವೂ ಇಲ್ಲ.

ತಡ ಎಂದರೆ ಒಂದೆರಡು ತಾಸು ಎಂದುಕೊಳ್ಳುವವರಿಗೆ 2022ರ ಜನವರಿ ನೆನಪಿರಲಿ. ಹೊಸ ವರ್ಷಕ್ಕೆಂದು ಮುಂಬೈಯಿಂದ ಗೋವಾಕ್ಕೆ ಹೋದ ಕಾರ್ಡೇಲಿಯಾ ಹಡಗಿನಲ್ಲಿ ಸುಮಾರು 2000 ಜನರಿದ್ದರು. ಕೋವಿಡ್ ತಪಾಸಣೆಯಲ್ಲಿ 66 ಮಂದಿಗೆ ಸೋಂಕು ಕಂಡಿತು. ಹಡಗು ಪ್ರಯಾಣಿಕರನ್ನು ಹೊತ್ತು ಮುಂಬೈಗೆ ಮರಳಿತು, ಅಲ್ಲಿ ಮತ್ತೆ ತಪಾಸಣೆ. ಗೋವಾದಿಂದ ವಿಮಾನ ಹತ್ತುವ ಲೆಕ್ಕ ಹಾಕಿದವರಿಗೆ ದಿನವೂ ತಪ್ಪಿತು, ಊರೂ ತಪ್ಪಿತು. ಅದು ರೋಗದ ಕಾಲ, ನಿಜ. ಆದರೂ ಸಮುದ್ರದಲ್ಲಿ ತಡವಾದರೆ ಇಳಿಯುವ ಬಂದರೇ ಬದಲಾಗಬಹುದು ಎಂಬುದನ್ನು ಆ ವಾರ ತೋರಿಸಿತು.

ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ, ಅದನ್ನೇ ನಾವು ಮರೆಯುತ್ತೇವೆ. ಮುಂಬೈಯಲ್ಲಿ ಕ್ರೂಸ್ ಹಡಗು ನಿಲ್ಲುವ ಬಲ್ಲಾರ್ಡ್ ಪಿಯರಿನಿಂದ ವಿಮಾನ ನಿಲ್ದಾಣ ಇಪ್ಪತ್ತು ಕಿಲೋಮೀಟರಿಗೂ ದೂರ, ನಡುವೆ ಇಡೀ ಮುಂಬೈಯ ಟ್ರಾಫಿಕ್ಕು. ಆದರೆ ಸಿಎಸ್‌ಎಂಟಿ ರೈಲು ನಿಲ್ದಾಣ ಎರಡು ಕಿಲೋಮೀಟರಿನೊಳಗೇ ಇದೆ. ಅಲ್ಲಿಂದ ಪ್ರತಿ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹೊರಟು ಮುಂಜಾನೆ ಸೊಲ್ಲಾಪುರ ಮುಟ್ಟಿಸುತ್ತದೆ. 2023ರ ಫೆಬ್ರವರಿಯಿಂದ ವಂದೇ ಭಾರತ್ ಕೂಡ ಇದೆ. 2025ರಲ್ಲಿ ಸೊಲ್ಲಾಪುರಕ್ಕೆ ಗೋವಾದಿಂದಲೂ ಮುಂಬೈಯಿಂದಲೂ ವಿಮಾನ ಶುರುವಾದಾಗ ನಾವೆಲ್ಲ ಖುಷಿಪಟ್ಟೆವು, ಇವತ್ತಿಗೂ ಆ ಖುಷಿ ಇದೆ. ಆದರೆ ಮುಂಜಾನೆ ಹಡಗು, ಮಧ್ಯಾಹ್ನ ವಿಮಾನ ಎಂದು ಓಡುವುದಕ್ಕಿಂತ ರಾತ್ರಿಯ ರೈಲು ನಮ್ಮ ಜನಕ್ಕೆ ಒಗ್ಗುತ್ತದೆ. ಹಡಗು ಐದು ತಾಸು ತಡವಾದರೂ ಅದು ಸಿಗುತ್ತದೆ. (ಚೀಲದಲ್ಲಿ ಉಳಿದ ಮಂಗಳವೇಢೆ ಜೋಳದ ರೊಟ್ಟಿ, ಶೇಂಗಾ ಚಟ್ನಿಗೆ ರೈಲಿನಷ್ಟು ಒಳ್ಳೆಯ ಜಾಗ ಬೇರೆ ಇಲ್ಲ.) ವಿಮಾನವೇ ಬೇಕೆಂದರೆ ಒಂದು ರಾತ್ರಿ ಮುಂಬೈಯಲ್ಲಿ ಉಳಿದು ಮರುದಿನದ್ದು ತೆಗೆಯಿರಿ.

ಇಷ್ಟೆಲ್ಲ ಹೇಳಿದರೂ ಯಾರಾದರೂ ಅದೇ ದಿನದ ಟಿಕೆಟ್ ತೆಗೆಯುತ್ತಾರೆ, ಹಡಗು ತಡವಾಗುತ್ತದೆ. ಆಗ ದಡ ಮುಟ್ಟುವವರೆಗೆ ಕಾಯಬೇಡಿ. ತಡವೆಂದು ಹಡಗಿನಲ್ಲಿ ಘೋಷಣೆಯಾದ ಕೂಡಲೇ ವಿಮಾನದ ಟಿಕೆಟ್ಟಿನ ದಿನ ಬದಲಿಸಿ. ವಿಮಾನ ಹೊರಡುವ ಕೆಲವು ತಾಸು ಮೊದಲು ಬದಲಿಸಿದರೆ ಶುಲ್ಕ ಮತ್ತು ದರದ ವ್ಯತ್ಯಾಸಕ್ಕೆ ಮುಗಿಯಬಹುದು, ಆಮೇಲೆ ಪೂರ್ತಿ ದರವೇ ಹೋಗುತ್ತದೆ. ಇದಕ್ಕಾಗಿ ಹಡಗಿನ ವೈಫೈಗೆ ದುಡ್ಡು ಕೊಡಬೇಕಾದರೂ ಕೊಡಿ, ಅಲ್ಲಿ ಜಿಪುಣತನ ಬೇಡ. ಮೊಬೈಲ್ ಮಾತ್ರ ತಾನಾಗಿಯೇ ಹಡಗಿನ ನೆಟ್‌ವರ್ಕ್ ಹಿಡಿಯದಂತೆ ನೋಡಿಕೊಳ್ಳಿ, ಬಿಲ್ ನೋಡಿದರೆ ಎದೆ ಒಡೆಯುತ್ತದೆ. ಹಡಗಿನ ಕಚೇರಿಯಲ್ಲಿ ಎರಡು ಮಾತು ಕೇಳಿ: ನಮ್ಮ ಸಾಮಾನು ನಾವೇ ಹೊತ್ತು ಮೊದಲು ಇಳಿಯಬಹುದೇ, ಎಷ್ಟು ತಾಸು ಯಾಕೆ ತಡವಾಯಿತೆಂದು ಬರೆದುಕೊಡುತ್ತೀರಾ. ಪ್ರಯಾಣ ವಿಮೆ ಮಾಡಿಸಿದ್ದರೆ ಆ ಕಾಗದವಿಲ್ಲದೆ ಕೆಲಸವಾಗುವುದಿಲ್ಲ.

ವಿಮಾನ ತಪ್ಪಿಯೇಹೋದರೂ ಎಲ್ಲ ಮುಗಿಯಿತೆಂದು ಸುಮ್ಮನಿರಬೇಡಿ. ಡಿಜಿಸಿಎ ನಿಯಮದಂತೆ ಹತ್ತದ ವಿಮಾನದ ತೆರಿಗೆಗಳನ್ನೂ ನಿಲ್ದಾಣದ ಶುಲ್ಕಗಳನ್ನೂ ಕಂಪನಿ ವಾಪಸು ಕೊಡಬೇಕು, ಅಗ್ಗದ ಟಿಕೆಟ್ಟಾದರೂ ಸರಿ. ಹಣ ಸಣ್ಣದು, ಆದರೆ ಅದು ನಮ್ಮದು. ಒಂದೇ ಬುಕಿಂಗಿನಲ್ಲಿ ಎರಡು ವಿಮಾನಗಳಿದ್ದರೆ ಮೊದಲನೆಯದಕ್ಕೆ ಹೋಗದಿದ್ದಾಗ ಎರಡನೆಯದೂ ರದ್ದಾಗಬಹುದು. ತಕ್ಷಣ ಫೋನ್ ಮಾಡಿ ಕೇಳಿ.

ಇನ್ನು ನಮಗೆ ಹೆಚ್ಚು ನೋವು ತರುವ ವಿಷಯ. ವಿಮಾನ ತಪ್ಪಿದಾಗ ಅರ್ಧ ತಾಸಿನಲ್ಲಿ ಮನೆಯವರೆಲ್ಲ ಒಬ್ಬರ ಮೇಲೆ ಬೀಳುತ್ತಾರೆ. "ಏನ್ ಬುಕ್ ಮಾಡೀಯೋ ತಮ್ಮಾ, ವ್ಯಾಳ್ಯಾ ನೋಡಬಾರದಾ?" ಕಾಕಾ ಶುರುಮಾಡುತ್ತಾರೆ, ಅತ್ತಿ ಮುಂದುವರಿಸುತ್ತಾರೆ. ಟಿಕೆಟ್ ತೆಗೆದ ಹುಡುಗನೋ ಹುಡುಗಿಯೋ ಸಾಮಾನಿನ ಪಕ್ಕ ತಲೆ ತಗ್ಗಿಸಿ ನಿಂತಿರುತ್ತದೆ. ಅದೇ ಮಗುವೇ ಈಗ ಹೊಸ ಟಿಕೆಟ್ಟನ್ನೂ ಹುಡುಕಬೇಕು! ಪೌಲನಿದ್ದ ಹಡಗಿನಲ್ಲಿ 276 ಮಂದಿ ಇದ್ದರು. ಬಂದರು ಬಿಡಬೇಡಿರೆಂದು ಅವನು ಮೊದಲೇ ಎಚ್ಚರಿಸಿದ್ದ, ಯಾರೂ ಕೇಳಲಿಲ್ಲ. ಬಿರುಗಾಳಿಯಲ್ಲಿ ಆ ಮಾತನ್ನು ಅವನೂ ಒಮ್ಮೆ ನೆನಪಿಸಿದ, ಇಲ್ಲವೆಂದಲ್ಲ. ಆದರೆ ಹಡಗು ಒಡೆಯುವ ಮುಂಜಾನೆ ಅವನು ಹೇಳಿದ್ದು, ಏನಾದರೂ ತಿನ್ನಿ ಎಂದು. ನಮ್ಮ ಹಿರಿಯರಿಗೂ ನಾವು ಅಷ್ಟನ್ನೇ ಕೇಳುತ್ತೇವೆ. ಮೊದಲು ಚಹಾ ಆಗಲಿ, ಲೆಕ್ಕ ಊರಿಗೆ ಹೋದ ಮೇಲೆ.

ಹಡಗು ತಡವಾದಾಗ ಅಲ್ಲಿನ ಕೆಲಸಗಾರರ ಮೇಲೆ ಕೂಗಾಡುವವರಿಗೂ ಒಂದು ಮಾತು. ಕರಾವಳಿಯ, ಗೋವಾದ ಎಷ್ಟೋ ಕ್ರೈಸ್ತ ಮನೆಗಳ ಮಕ್ಕಳು ಇಂಥ ಹಡಗುಗಳಲ್ಲೇ ದುಡಿಯುತ್ತಾರೆ. 2020ರ ಏಪ್ರಿಲ್‌ನಲ್ಲಿ ಮರೆಲ್ಲಾ ಡಿಸ್ಕವರಿ ಹಡಗಿನ 140ಕ್ಕೂ ಹೆಚ್ಚು ಭಾರತೀಯ ಸಿಬ್ಬಂದಿ ಮುಂಬೈ ತನಕ ಬಂದರೂ ಲಾಕ್‌ಡೌನಿನಿಂದಾಗಿ ಇಳಿಯಲಾಗದೆ ದಿನಗಟ್ಟಲೆ ಕಾದರು. ಏಪ್ರಿಲ್ 23ರಂದು ದಡಕ್ಕೆ ಬಂದರು. ನಮ್ಮ ಬ್ಯಾಗು ಹೊತ್ತು ತರುವ ಹುಡುಗ ಊರಿಗೆ ಹೋಗಿ ಎಷ್ಟು ತಿಂಗಳಾಯಿತೋ ಯಾರಿಗೆ ಗೊತ್ತು.

ಕೊನೆಗೆ ಒಂದು ಸಣ್ಣ ಸಂಗತಿ, ಅಜ್ಜ ಅಜ್ಜಿಯರನ್ನು ಕರೆದೊಯ್ಯುವವರಿಗೆ. ಇಳಿಯುವ ಹಿಂದಿನ ರಾತ್ರಿ ದೊಡ್ಡ ಬ್ಯಾಗುಗಳನ್ನು ಕೋಣೆಯ ಹೊರಗೆ ಇಡಲು ಹೇಳುತ್ತಾರೆ, ಅವು ಮತ್ತೆ ಸಿಗುವುದು ಬಂದರಿನಲ್ಲೇ. ಬಿಪಿ, ಸಕ್ಕರೆಯ ಗುಳಿಗೆ, ಆಧಾರ್ ಕಾರ್ಡು, ಚಾರ್ಜರು ಅವುಗಳಲ್ಲಿ ಹೋಗದಿರಲಿ. ಎರಡು ದಿನಕ್ಕಾಗುವಷ್ಟು ಗುಳಿಗೆ ಅಜ್ಜಿಯ ಕೈಚೀಲದಲ್ಲೇ ಇರಲಿ.