'ಕಣ್ಣಿನ ತೊಂದರೆ' ಅಂತ ಗೀಚಿಬಿಟ್ಟರೆ ಮುಗೀತಾ?

ಪಕ್ಕದ ಊರಿನ ಅಕ್ಕ ಒಬ್ಬರು ಪ್ಲಾಸ್ಟಿಕ್ ಕವರಿನಿಂದ ಮಡಚಿದ ಚೀಟಿ ತೆಗೆದು ನಮ್ಮ ಕೈಗಿಟ್ಟರು. ಹೆರಿಗೆಯಾದ ಮೂರನೇ ದಿನ ಆಸ್ಪತ್ರೆಯಲ್ಲಿ ಕೊಟ್ಟ ಡಿಸ್ಚಾರ್ಜ್ ಚೀಟಿ. ಮಗುವಿನ ತೂಕ ಇದೆ, ಹುಟ್ಟಿದ ಹೊತ್ತು ಇದೆ, ಹಾಕಿದ ಲಸಿಕೆ ಇದೆ. ಕೊನೆಗೆ ಎರಡೇ ಪದ: 'ಐ ಪ್ರಾಬ್ಲಂ'. ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ.

"ಹುಟ್ಟಿದಾಗ್ಲೇ ಕಣ್ಣಾಗ ಹೂ ಇತ್ರಿ ಅಣ್ಣಾರ. ಕೇಳಿದ್ರ, ಸ್ವಲ್ಪ ದೊಡ್ಡಾಕಿ ಆಗ್ಲಿ, ಆಮ್ಯಾಲೆ ತೋರಿಸ್ರಿ ಅಂದ್ರು."

ಮಗುವಿಗೆ ಈಗ ಏಳು ತಿಂಗಳು.

ನಾವು ಹಳ್ಳಿಯಲ್ಲಿ 'ಹೂ' ಅನ್ನುವುದು ಬಹಳ ಸಲ ಹುಟ್ಟಿನಿಂದ ಬಂದ ಪೊರೆ. ಗಾಜಿನಂತೆ ತಿಳಿಯಾಗಿರಬೇಕಾದ ಕಣ್ಣಿನ ಮಸೂರ ಬೆಳ್ಳಗಾಗಿರುತ್ತದೆ, ಬೆಳಕು ಒಳಗೆ ಹೋಗುವುದಿಲ್ಲ. ಮುದುಕರ ಪೊರೆಯನ್ನು ಮುಂದಿನ ವರ್ಷ ತೆಗೆಸಿದರೂ ನಡೆಯುತ್ತದೆ. ಕೂಸಿನದು ಹಾಗಲ್ಲ. ನೋಡುವುದನ್ನು ಮಿದುಳು ಕಲಿಯುವುದೇ ಮೊದಲ ವಾರಗಳಲ್ಲಿ. ದಟ್ಟ ಪೊರೆ ಒಂದೇ ಕಣ್ಣಿಗಿದ್ದರೆ ಸುಮಾರು 6 ವಾರ, ಎರಡಕ್ಕೂ ಇದ್ದರೆ ಸುಮಾರು 8 ವಾರದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು ಎನ್ನುತ್ತದೆ ವೈದ್ಯಶಾಸ್ತ್ರ. ತಡವಾದಷ್ಟೂ ಪೊರೆ ತೆಗೆದರೂ ದೃಷ್ಟಿ ಪೂರ್ತಿ ಬರುವ ಆಸೆ ಕಡಿಮೆ. ಆ ಪ್ರಶ್ನಾರ್ಥಕ ಚಿಹ್ನೆ ನುಂಗಿದ್ದು ಇದೇ ಎಂಟು ವಾರಗಳನ್ನು.

ಈ ಮಾತೆತ್ತಿದಾಗ ವೈದ್ಯರೊಬ್ಬರು ನಮ್ಮನ್ನೇ ಕೇಳಿದರು: "ಸರಿಯಾಗಿ ಬರೆದ್ರೆ ಕಣ್ಣು ಬರುತ್ತೇನ್ರಿ?"

ಬರುತ್ತದೆ ಸಾರ್. ಕೆಲವು ಮಕ್ಕಳಿಗೆ ಬರುತ್ತದೆ. ಕೆಲವರಿಗೆ ಜೀವವೇ ಉಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಎಂಬ ಪಟ್ಟಿಯಲ್ಲಿ ಪ್ರತಿ ಕಾಯಿಲೆಗೂ ಒಂದು ಕೋಡ್ ಇದೆ. ಹುಟ್ಟಿನಿಂದ ಬಂದ ಪೊರೆ ಕ್ಯೂ 12.0. ಕಣ್ಣುಗುಡ್ಡೆ ತೀರ ಸಣ್ಣದಿದ್ದರೆ ಕ್ಯೂ 11.2. ಹುಟ್ಟಿನಿಂದಲೇ ಕಣ್ಣಿನ ಒತ್ತಡ ಏರಿದ್ದರೆ, ಅಂದರೆ ಗ್ಲಾಕೋಮಾ ಇದ್ದರೆ, ಕ್ಯೂ 15.0. ಈ ಮೂರನೆಯದನ್ನು ನಮ್ಮಲ್ಲಿ ಯಾರೂ ಕಾಯಿಲೆ ಅಂದುಕೊಳ್ಳುವುದೇ ಇಲ್ಲ. "ಎಷ್ಟು ದೊಡ್ಡ ಕಣ್ಣು, ಲಕ್ಷ್ಮಿ ಇದ್ದಂಗ ಅದಾಳ" ಅಂತ ದೃಷ್ಟಿಬೊಟ್ಟು ಇಡುತ್ತೇವೆ. ಮಗು ಬೆಳಕಿಗೆ ಕಣ್ಣು ಮುಚ್ಚಿಕೊಂಡು ನೀರು ಸುರಿಸುತ್ತಿರುತ್ತದೆ.

ಕಣ್ಣಿನ ಬಣ್ಣದ ಪರದೆಯೇ ಇಲ್ಲದೆ ಹುಟ್ಟುವ ಮಕ್ಕಳೂ ಇದ್ದಾರೆ, ಕ್ಯೂ 13.1. ಇವರಲ್ಲಿ ಕೆಲವರಿಗೆ ಚಿಕ್ಕ ವಯಸ್ಸಿನಲ್ಲೇ ಮೂತ್ರಪಿಂಡದ ಗಡ್ಡೆ ಬರಬಹುದು. ಚೀಟಿಯಲ್ಲಿ ಈ ಹೆಸರಿದ್ದರೆ ಮುಂದಿನ ವೈದ್ಯರು ಹೊಟ್ಟೆ ಸ್ಕ್ಯಾನ್ ಮಾಡಿಸುತ್ತಾರೆ. 'ಕಣ್ಣಿನ ತೊಂದರೆ' ಅಂತಿದ್ದರೆ ಡ್ರಾಪ್ಸ್ ಕೊಟ್ಟು ಕಳಿಸುತ್ತಾರೆ.

ಪೊರೆಯದೂ ಅದೇ ಕಥೆ. ಬಸುರಿಯಿದ್ದಾಗ ಮೊದಲ ಮೂರು ತಿಂಗಳಲ್ಲಿ ತಾಯಿಗೆ ರುಬೆಲ್ಲಾ ತಗುಲಿದ್ದರೆ ಮಗುವಿಗೆ ಪೊರೆಯ ಜೊತೆ ಕಿವುಡು, ಹೃದಯದ ತೊಂದರೆಯೂ ಇರಬಹುದು. ಅದಕ್ಕೆ ಬೇರೆಯೇ ಕೋಡ್, ಪಿ 35.0. ತಾಯಿಗೆ ಜ್ವರ, ಮೈಮೇಲೆ ಗುಳ್ಳೆ ಬಂದಿತ್ತಾ ಅಂತ ಕೇಳಿ ಬರೆಯದಿದ್ದರೆ ಕಿವಿ ಯಾರು ನೋಡುತ್ತಾರೆ? ಕರ್ನಾಟಕದಲ್ಲಿ 2017ರಲ್ಲಿ ಮನೆಮನೆಯ ಮಕ್ಕಳಿಗೆ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿಸಿದೆವಲ್ಲ, ಅದರಿಂದ ಇಂಥ ಮಕ್ಕಳು ಕಡಿಮೆಯಾದರೋ ಇಲ್ಲವೋ ಲೆಕ್ಕ ಸಿಗಬೇಕಾದ್ದೂ ಇದೇ ಚೀಟಿಗಳಿಂದ.

ನಮಗೆ ಸಿಟ್ಟು ಬರುವ ಸಂಗತಿ ಇನ್ನೊಂದಿದೆ. ನಮ್ಮ ಕಡೆಯ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಬೆಂಗಳೂರಲ್ಲಿ ರಾತ್ರಿ ಪಾಳಿ ಕೂತು ಅಮೆರಿಕದ ರೋಗಿಗಳ ಕಾಗದಕ್ಕೆ ಕೋಡ್ ಹಾಕುತ್ತಾರೆ. ಅಲ್ಲಿನ ಪಟ್ಟಿಯಲ್ಲಿ ಕಣ್ಣಿನ ಅನೇಕ ಕಾಯಿಲೆಗಳಿಗೆ ಬಲ, ಎಡ, ಎರಡೂ ಅಂತ ಬೇರೆ ಬೇರೆ ಕೋಡ್. ತಪ್ಪಿದರೆ ವಿಮೆ ಕಂಪನಿ ಬಿಲ್ ವಾಪಸ್ ಕಳಿಸುತ್ತದೆ. ಅಲ್ಲಿ ಕೋಡ್ ಹಿಂದೆ ಡಾಲರ್ ಇದೆ. ಆ ಹುಡುಗಿಯ ಸ್ವಂತ ತಂಗಿಯ ಮಗುವಿನ ಚೀಟಿಯಲ್ಲಿ ಯಾವ ಕಣ್ಣು ಅಂತಲೂ ಇರುವುದಿಲ್ಲ.

ಯಾವ ಕಣ್ಣು ಎಂಬುದು ಸಣ್ಣ ಮಾತಲ್ಲ. ಅಂಗವಿಕಲರ ಸವಲತ್ತಿಗೆ 2016ರ ಕಾಯ್ದೆ ಪ್ರಕಾರ 40% ಬೇಕು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ 30% ಮಾತ್ರ. ಕ್ಯೂ 12.0 ಅಂತ ಬರೆದರೂ ಎಡವೋ ಬಲವೋ ಗೊತ್ತಾಗುವುದಿಲ್ಲ, ಅಕ್ಷರದಲ್ಲೇ ಬರೆಯಬೇಕು.

ವೈದ್ಯರ ಕಷ್ಟ ನಮಗೆ ಗೊತ್ತಿಲ್ಲವೆಂದಲ್ಲ. ಹೊರಗೆ ನೂರು ಜನರ ಸಾಲು, ಒಳಗೆ ಒಬ್ಬರೇ ಡಾಕ್ಟರು, ಕೈಕೊಡುವ ಕರೆಂಟು. ಆದರೆ 'ಎರಡೂ ಕಣ್ಣು, ಹುಟ್ಟಿನಿಂದ ಬಿಳಿ ಪೊರೆ, ಈ ವಾರವೇ ಜಿಲ್ಲಾಸ್ಪತ್ರೆಗೆ' ಅಂತ ಬರೆಯಲು ಅರ್ಧ ನಿಮಿಷ ಸಾಕು. ಅದಕ್ಕಾಗಿಯೇ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಹುಟ್ಟಿದ ಜಾಗದಲ್ಲೇ ಮಗುವನ್ನು ತಪಾಸಣೆ ಮಾಡಬೇಕು, ಆಶಾ ಕಾರ್ಯಕರ್ತೆ ಆರು ವಾರದವರೆಗೆ ಮನೆಗೆ ಬಂದು ನೋಡಬೇಕು, ಅದರ ಪಟ್ಟಿಯಲ್ಲೇ ಹುಟ್ಟು ಪೊರೆಯ ಹೆಸರಿದೆ. ಅಲ್ಲಿ ತಪ್ಪಿದರೆ ವೈದ್ಯರ ತಂಡ ಅಂಗನವಾಡಿಗೆ ಬರುವುದು ವರ್ಷಕ್ಕೆ ಎರಡೇ ಸಲ. ಎಂಟು ವಾರ ಅಷ್ಟು ಹೊತ್ತು ಕಾಯುತ್ತದೆಯೇ?

ನಮ್ಮ ತಪ್ಪೂ ಇದೆ. 'ಹುಟ್ಟು ಕುರುಡು ಕಂದನಿಗೆ ನೆರವಾಗಿ' ಅಂತ ಫೋಟೊ, ಬ್ಯಾಂಕ್ ಖಾತೆ ಸಮೇತ ಸುದ್ದಿ ಕಳಿಸಿದವರು ನಾವೇ. ಯಾವ ಕಾಯಿಲೆ, ಯಾವಾಗ ಗೊತ್ತಾಯಿತು, ಚೀಟಿಯಲ್ಲಿ ಏನು ಬರೆದಿದ್ದರು ಎಂದು ಒಂದು ಸಲವೂ ಕೇಳಲಿಲ್ಲ.

ಅದಕ್ಕೇ ಈ ಸಲ ಅಕ್ಕನ ಜೊತೆ ನಾವೂ ಜಿಲ್ಲಾ ಕೇಂದ್ರಕ್ಕೆ ಹೋದೆವು. ಅಲ್ಲಿನ ಕಣ್ಣಿನ ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿ, ತಾಯಿಯನ್ನು ಕೂರಿಸಿಕೊಂಡು ಬಸುರಿತನದ ಜ್ವರದ ಬಗ್ಗೆ, ಮನೆಯೊಳಗಿನ ಮದುವೆಯ ಬಗ್ಗೆ ಕೇಳಿ ಬರೆದುಕೊಂಡರು. ಅಕ್ಕ ಮದುವೆಯಾಗಿದ್ದು ಸೋದರಮಾವನನ್ನೇ. ಹೊಸ ಚೀಟಿಯಲ್ಲಿ ಎರಡೂ ಕಣ್ಣು ಅಂತಿದೆ, ಹುಟ್ಟಿನಿಂದ ಅಂತಿದೆ, ಕ್ಯೂ 12.0 ಇದೆ. ಶಸ್ತ್ರಚಿಕಿತ್ಸೆ ಬರುವ ವಾರ. ಕಿವಿ ಪರೀಕ್ಷೆ ಸೋಮವಾರ.