ಅಪ್ಪನ ಮಂಚದ ಪಕ್ಕದ ಕೋವಿ

ಪುಣೆ, ಮುಂಬೈ, ಹೈದರಾಬಾದಿನಲ್ಲಿ ಕೆಲಸ ಮಾಡುವ ಕೊಡಗು, ಸಕಲೇಶಪುರ, ಮೂಡಿಗೆರೆ, ತೀರ್ಥಹಳ್ಳಿ ಕಡೆಯವರು ನಾಲ್ಕು ಜನ ಸೇರಿದರೆ ಮಾತು ಮೊದಲು ಮಳೆಗೆ ಹೋಗುತ್ತದೆ. ಆಮೇಲೆ ಕಾಫಿ, ಅಡಿಕೆ ರೇಟಿಗೆ. ಕೊನೆಗೆ ಊರಲ್ಲಿ ಇಬ್ಬರೇ ಇರುವ ಅಪ್ಪ-ಅಮ್ಮನ ವಿಷಯಕ್ಕೆ ಬಂದು ನಿಲ್ಲುತ್ತದೆ. ತೋಟದ ನಡುವಿನ ಒಂಟಿ ಮನೆ, ಕೂಗಿದರೆ ಪಕ್ಕದ ಮನೆಗೆ ಕೇಳದಷ್ಟು ದೂರ, ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆಗ ಯಾರಾದರೂ ಒಬ್ಬರು ಹೇಳುತ್ತಾರೆ: 'ಹೆದರಿಕೆ ಏನಿಲ್ಲ ಬಿಡಿ, ಅಪ್ಪ ಕೋವಿಗೆ ತೋಟೆ ಹಾಕಿ ಮಂಚದ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಾರೆ.' ಉಳಿದವರು ಸಮಾಧಾನದಿಂದ ತಲೆಯಾಡಿಸುತ್ತಾರೆ. ನನಗೆ ಹೆದರಿಕೆ ಶುರುವಾಗುವುದೇ ಆ ಮಾತು ಕೇಳಿದ ಮೇಲೆ.

ಕೋವಿಯೇ ಬೇಡ ಎನ್ನುವವನು ನಾನಲ್ಲ. ಮಲೆನಾಡಿನಲ್ಲಿ ಅದು ಕತ್ತಿ, ಗುದ್ದಲಿಯ ಹಾಗೆ ಒಂದು ಸಲಕರಣೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆಯದೋ ಜೋಡಿ ನಳಿಗೆಯದೋ ಎಷ್ಟೋ ಮನೆಗಳಲ್ಲಿದೆ. ಕೊಡಗಿನಲ್ಲಂತೂ ಅದು ಮನೆತನದ ಭಾಗ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ 2021ರಲ್ಲಿ ತೀರ್ಪು ಕೊಟ್ಟ ನಮ್ಮ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಹಾಗಾಗಿ ಕೋವಿ ಇರಬೇಕೆ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅದು ಎಲ್ಲಿರಬೇಕು ಎಂಬುದಷ್ಟೇ ಪ್ರಶ್ನೆ.

ಮಂಚದ ಪಕ್ಕ ಎನ್ನುವವರ ವಾದ ಸರಳ. ಕಳ್ಳ ಬಂದರೆ ಬೀರುವಿನ ಬೀಗ ತೆಗೆಯುವವರೆಗೆ ಕಾಯುತ್ತಾನೆಯೇ? ಕಾಯುವುದಿಲ್ಲ, ನಿಜ. ಆದರೆ ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಗೋ ನಿದ್ದೆಗೋ ಮಾತ್ರೆ ನುಂಗಿ ಮಲಗಿದ, ಕನ್ನಡಕ ಎಲ್ಲಿಟ್ಟೆನೆಂದು ತಡಕಾಡುವ ಹಿರಿಯರು ಕತ್ತಲಲ್ಲಿ ಎದ್ದು ಯಾರಿಗೆ ಗುರಿ ಇಡುತ್ತಾರೆ ಎಂದು ಯೋಚಿಸಿದ್ದೀರಾ? ಬೆಳಗಿನ ಜಾವ ನಾಲ್ಕೂವರೆಗೆ ನಾಯಿ ಬೊಗಳಿ, ಗೇಟು ಕಿರುಗುಟ್ಟಿ, ಅಂಗಳದಲ್ಲಿ ಹೆಜ್ಜೆ ಸಪ್ಪಳ ಕೇಳಿದರೆ ಹೆಚ್ಚಿನ ಸಲ ಅದು ಕಳ್ಳನಲ್ಲ. ರಾತ್ರಿ ಬಸ್ಸಿಳಿದು, ಅಪ್ಪ-ಅಮ್ಮನ ನಿದ್ದೆ ಕೆಡಿಸಬಾರದೆಂದು ಫೋನೂ ಮಾಡದೆ ಬಂದ ನಾವೇ. ಅಥವಾ ಹೆಂಡತಿಗೆ ಹೆರಿಗೆ ನೋವು ಬಂತು, ಜೀಪು ಕೊಡಿ ಎಂದು ಓಡಿಬಂದ ಲೈನ್‌ಮನೆಯ ಆಳು.

ರಾತ್ರಿ ಕನ್ನ ಹಾಕಿ ಒಳನುಗ್ಗಿದವನ ವಿರುದ್ಧ ಆತ್ಮರಕ್ಷಣೆಯ ಹಕ್ಕನ್ನು ಕಾನೂನು ಕೊಟ್ಟಿದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಮಿತಿಯೂ ಅದಕ್ಕಿದೆ, ಆ ಮಿತಿ ಮೀರಿಲ್ಲವೆಂದು ನ್ಯಾಯಾಲಯದಲ್ಲಿ ವಿವರಿಸುವ ಕೆಲಸ ಆಮೇಲೆ ವರ್ಷಗಟ್ಟಲೆ ನಡೆಯುತ್ತದೆ. ಆಳನ್ನು ಕಳ್ಳನೆಂದು ತಿಳಿದು ಗುಂಡು ಹಾರಿಸಿದ ಮೇಲೆ ಏನು ವಿವರಿಸುವುದು? ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ಐದು ವರ್ಷದವರೆಗೆ ಶಿಕ್ಷೆಯಿದೆ. ಪರವಾನಗಿಯ ವಿನಾಯಿತಿ ಇದ್ದವರಿಗೂ ಈ ಕಲಮಿನಿಂದ ವಿನಾಯಿತಿ ಇಲ್ಲ. ಇನ್ನು ಆನೆಯ ಮಾತು. ಅಂಗಳಕ್ಕೆ ಬಂದ ಆನೆಯ ಮುಂದೆ ಚರೆಯ ತೋಟೆಯಿಂದ ಏನೂ ಆಗದು, ಅದನ್ನು ಕೆರಳಿಸಬಹುದು ಅಷ್ಟೇ. ಬಾಗಿಲು ಹಾಕಿಕೊಂಡು ಅರಣ್ಯ ಇಲಾಖೆಯವರಿಗೆ ಫೋನ್ ಮಾಡುವುದು ವಾಸಿ.

ಅಮೆರಿಕದವರ ಯೂಟ್ಯೂಬ್ ನೋಡಿ ಬೆರಳಚ್ಚಿಗೆ ತೆರೆಯುವ, ಮಂಚದ ಕಾಲಿಗೆ ಬಿಗಿಯುವ ಪುಟ್ಟ ಪೆಟ್ಟಿಗೆಯೊಂದನ್ನು ಅಪ್ಪನಿಗೆ ತರಿಸಿಕೊಡೋಣ ಅನ್ನುವವರೂ ನಮ್ಮಲ್ಲಿದ್ದಾರೆ. ಅದು ಪಿಸ್ತೂಲಿಗೆ ಮಾಡಿದ ಪೆಟ್ಟಿಗೆ. ನಮ್ಮವರ ಮನೆಯ ಉದ್ದ ನಳಿಗೆ ಅದರಲ್ಲಿ ಹಿಡಿಸುವುದೂ ಇಲ್ಲ. ಅಲ್ಲಿನ ಕಾನೂನೂ ಬೇರೆ. ಮನೆಯಲ್ಲಿರುವ ಬಂದೂಕನ್ನು ಬಿಚ್ಚಿಡಬೇಕು ಇಲ್ಲವೇ ಬೀಗ ಹಾಕಿಡಬೇಕು ಎಂಬ ವಾಷಿಂಗ್ಟನ್ ನಗರದ ನಿಯಮವನ್ನು ಅವರ ಸುಪ್ರೀಂ ಕೋರ್ಟ್ 2008ರಲ್ಲಿ ರದ್ದು ಮಾಡಿತು, ಏಕೆಂದರೆ ಅಲ್ಲಿ ಬಂದೂಕು ಸಂವಿಧಾನದತ್ತ ಹಕ್ಕು. ನಮ್ಮಲ್ಲಿ ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಸಿಗುವ ಅನುಮತಿ ಮಾತ್ರ. 2016ರ ನಿಯಮಗಳ ಪ್ರಕಾರ ಪರವಾನಗಿ ಕೇಳುವವರು ಕೋವಿಯನ್ನು ಸುರಕ್ಷಿತವಾಗಿ ಇಡುತ್ತೇವೆಂದು ಮುಚ್ಚಳಿಕೆ ಬರೆದುಕೊಡಬೇಕು. ಪರವಾನಗಿಯ ಷರತ್ತು ಮುರಿಯುವುದೇ ಒಂದು ಅಪರಾಧ. ಕಳುವಾದರೆ ತಕ್ಷಣ ಠಾಣೆಗೆ ತಿಳಿಸಬೇಕು. ಅಂದ ಹಾಗೆ, ತೋಟದ ಮನೆಗೆ ನುಗ್ಗಿದ ಕಳ್ಳ ಕದಿಯಲು ಇಷ್ಟಪಡುವ ವಸ್ತುಗಳಲ್ಲಿ ಕೋವಿಯೂ ಒಂದು. ಅದು ಮಂಚದ ಪಕ್ಕ ಒರಗಿದ್ದರೆ ಅವನಿಗೆ ಹುಡುಕುವ ಶ್ರಮವೂ ಉಳಿಯಿತು.

ನನಗೆ ಹೆಚ್ಚು ಭಯ ಇರುವುದು ಏಪ್ರಿಲ್-ಮೇ ತಿಂಗಳ ಬಗ್ಗೆ. ಊರಲ್ಲೇ ಬೆಳೆದ ನಮಗೆ ಕೋವಿ ಮುಟ್ಟಿದರೆ ಬೆನ್ನು ಮುರಿಯುತ್ತದೆ ಎಂದು ಗೊತ್ತಿತ್ತು. ಪುಣೆಯ ಹದಿನಾಲ್ಕನೇ ಮಹಡಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅದು ವಿಡಿಯೋ ಗೇಮಿನಲ್ಲಿ ದಿನವೂ ಹಿಡಿಯುವ ವಸ್ತು, ಅಜ್ಜನ ಮನೆಯಲ್ಲಿ ನಿಜವಾದದ್ದೇ ಇದೆ. ರಜೆಗೆ ಹೋದ ಮೊದಲ ದಿನವೇ ಅದು ಎಲ್ಲಿದೆ ಎಂದು ಪತ್ತೆ ಮಾಡಿರುತ್ತಾರೆ. ತೋಟೆ ತೆಗೆದಿಟ್ಟಿದ್ದೇನೆ, ಸೇಫ್ಟಿ ಹಾಕಿದ್ದೇನೆ ಎನ್ನುವ ಸಮಾಧಾನ ಸಾಲದು. ಜೋಡಿ ನಳಿಗೆಯ ಬಹುಪಾಲು ಹಳೆಯ ಕೋವಿಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ತೋಟೆ ತುಂಬಿದ ಕೋವಿ ಜಾರಿ ನೆಲಕ್ಕೆ ಬಡಿದರೆ ಒಳಗಿನ ಭಾಗ ಸವೆದಿದ್ದಾಗ ಗುಂಡು ಹಾರುವ ಸಾಧ್ಯತೆ ಇದ್ದೇ ಇದೆ.

ಇನ್ನೊಂದು ಮಾತು, ನಾವು ಸಾಮಾನ್ಯವಾಗಿ ಬಾಯಿ ಬಿಟ್ಟು ಆಡದ್ದು. ಒಂಟಿ ಮನೆ, ಬಿಡದ ಮಳೆ, ಕೊಳೆರೋಗ ಬಂದ ತೋಟ, ಬ್ಯಾಂಕಿನ ನೋಟಿಸು, ಸಂಗಾತಿಯ ಸಾವು. ಇವೆಲ್ಲದರ ನಡುವೆ ಒಂದು ರಾತ್ರಿ ಮನುಷ್ಯನ ಮನಸ್ಸು ಕುಸಿಯುತ್ತದೆ. ಅಂಥ ಗಳಿಗೆ ಅನೇಕ ಸಲ ಬಂದಷ್ಟೇ ಬೇಗ ಹೋಗಿಬಿಡುತ್ತದೆ. ಆದರೆ ಕೈಗೆ ಸಿಗುವಷ್ಟು ಹತ್ತಿರ ಕೋವಿ ಇದ್ದರೆ ಅದು ಹೋಗುವವರೆಗೆ ಕಾಯುವುದಿಲ್ಲ. ಇಸ್ರೇಲಿನ ಸೇನೆ 2006ರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿತು: ವಾರಾಂತ್ಯದ ರಜೆಗೆ ಮನೆಗೆ ಹೋಗುವ ಯುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು. ಆಮೇಲೆ ಆ ಸೇನೆಯಲ್ಲಿ ಆತ್ಮಹತ್ಯೆಯ ಪ್ರಮಾಣ ಶೇ 40ರಷ್ಟು ಇಳಿಯಿತೆಂದು ಅಲ್ಲಿನ ವೈದ್ಯರ ಅಧ್ಯಯನ ಹೇಳಿತು. ಇಳಿದದ್ದು ಮುಖ್ಯವಾಗಿ ವಾರಾಂತ್ಯದ ಸಾವುಗಳೇ, ವಾರದ ಉಳಿದ ದಿನಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹುಡುಗರ ಮನಸ್ಸು ಬದಲಾಗಿರಲಿಲ್ಲ, ಬಂದೂಕು ದೂರವಾಗಿತ್ತು ಅಷ್ಟೇ. ಫೋನಿನಲ್ಲಿ ಅಪ್ಪನ ದನಿ ಇಳಿದಿದೆ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದರೆ ಮೊದಲು ಕೋವಿಯನ್ನು ಮನೆಯಿಂದ ಆಚೆ ಸಾಗಿಸುವ ಬಗ್ಗೆ ಯೋಚಿಸಿ. ಟೆಲಿಮನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಮಾತಾಡಬಹುದು, ಮಗನೋ ಮಗಳೋ ಕೂಡ ಕರೆ ಮಾಡಿ ಸಲಹೆ ಕೇಳಬಹುದು.

ಹಾಗಾದರೆ ಎಲ್ಲಿಡುವುದು? ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಉದ್ದನೆಯ ಉಕ್ಕಿನ ಬೀರು, ಒಳ್ಳೆಯ ಬೀಗ. ಊರಿನ ವೆಲ್ಡಿಂಗ್ ಅಂಗಡಿಯವನೇ ಮಾಡಿಕೊಡುತ್ತಾನೆ. ತೋಟೆಗಳು ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ. ಮಡಚುವ ಕೋವಿಯಾದರೆ ಇನ್ನೂ ಸುಲಭ: ನಳಿಗೆಯ ಕೆಳಗಿನ ಮರದ ಹಿಡಿಯನ್ನು ಕಳಚಿದರೆ ನಳಿಗೆಯೂ ಹಿಂಬದಿಯೂ ಬೇರೆಯಾಗುತ್ತವೆ, ಒಂದೊಂದನ್ನು ಒಂದೊಂದು ಕಡೆ ಇಡಬಹುದು. ಕೀಲಿ ಯಜಮಾನರ ಹತ್ತಿರವೇ ಇರಲಿ, ಬೀರುವಿನ ಮೇಲಿನ ಡಬ್ಬದಲ್ಲಲ್ಲ. ಆ ಡಬ್ಬ ಮನೆಯವರಿಗೆಲ್ಲ ಗೊತ್ತು, ಕೆಲಸದವರಿಗೂ ಗೊತ್ತು. ಬೀರುವಿನೊಳಗೆ ಇಟ್ಟರೆ ತುಕ್ಕು ಹಿಡಿಯುತ್ತದೆ ಎಂದು ಹಿರಿಯರು ಆಕ್ಷೇಪಿಸುತ್ತಾರೆ, ಅದರಲ್ಲಿ ಸತ್ಯವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ತೇವಕ್ಕೆ ಚರ್ಮದ ಚೀಲದಲ್ಲಿಟ್ಟ ನಳಿಗೆ ತಿಂಗಳೊಳಗೆ ಕಲೆ ಹಿಡಿಯುತ್ತದೆ. ಚೀಲದಿಂದ ತೆಗೆದು, ಎಣ್ಣೆ ಸವರಿ, ಬೀರುವಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ಹದಿನೈದು ದಿನಕ್ಕೊಮ್ಮೆ ಒರೆಸಿದರೆ ಆಯಿತು. ನಿವೃತ್ತರಿಗೆ ಅದು ಇಷ್ಟದ ಕೆಲಸವೂ ಹೌದು.

ಇದೆಲ್ಲ ಪೇಟೆಯವರ ಹೊಸ ಬುದ್ಧಿ ಎಂದು ಗದರುವವರಿಗೆ ಒಂದು ಹಳೆಯ ವಿಷಯ ನೆನಪಿಸಬೇಕು. ನಾಟಿಯ ಕಾಲದಲ್ಲಿ ಆಯುಧಗಳನ್ನು ಕನ್ನಿಕೋಂಬರೆಯಲ್ಲಿ ಇಟ್ಟುಬಿಡುತ್ತಿದ್ದರು, ಕೈಲ್‌ಪೊಳ್ದ್ ದಿನ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡಿಯೇ ಮತ್ತೆ ಕೈಗೆತ್ತಿಕೊಳ್ಳುತ್ತಿದ್ದರು ಎಂದು ಕೊಡಗಿನ ಹಿರಿಯರು ಹೇಳುತ್ತಾರೆ. ಕೋವಿಗೆ ಹೊರಗಿರುವ ಕಾಲ, ಒಳಗಿರುವ ಕಾಲ ಎಂದು ಎರಡು ಇದ್ದವು.

ದೂರ ಇರುವ ನಾವು ಮಾಡಬೇಕಾದದ್ದೂ ಇದೆ. ಅಪ್ಪ-ಅಮ್ಮನನ್ನು ಎರಡು ತಿಂಗಳು ನಮ್ಮಲ್ಲಿಗೆ ಕರೆಸಿಕೊಳ್ಳುತ್ತೇವೆ, ಮನೆಯ ಕೀಲಿ ರೈಟರ ಕೈಲಿರುತ್ತದೆ, ಕೋವಿ ಮನೆಯೊಳಗೆ. ಆ ಎರಡು ತಿಂಗಳು ಅದು ಯಾರ ವಶದಲ್ಲಿದೆ? ಹೊರಡುವ ಮುಂಚೆ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಕೋವಿ ಅಂಗಡಿಯಲ್ಲೋ ಕೊಟ್ಟು ರಸೀದಿ ಪಡೆಯಬೇಕು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಎಂದು ಹೇಳಿಸಿಕೊಂಡು, ಹಂದಿ ಬೆಳೆ ತಿನ್ನುವಾಗ ಕೋವಿ ಠಾಣೆಯಲ್ಲಿ ಕೂತಿದೆ ಎಂದು ಬೈದುಕೊಂಡವರಿಗೆ ಇದು ಕಿರಿಕಿರಿ ಅನ್ನಿಸುವುದು ಸಹಜ. ಆ ಬೈಗುಳದಲ್ಲಿ ನ್ಯಾಯವೂ ಇದೆ. ಆದರೂ ಖಾಲಿ ಮನೆಯಲ್ಲಿ ಕೋವಿ ಬಿಡುವುದಕ್ಕಿಂತ ರಸೀದಿ ಮೇಲು.

ಕಾಗದಪತ್ರದ್ದು ಇನ್ನೊಂದು ಗೋಳು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ, ಒಬ್ಬರಿಗೆ ಗರಿಷ್ಠ ಎರಡು ಕೋವಿ, ಪಿತ್ರಾರ್ಜಿತವಾಗಿ ಬಂದದ್ದೂ ಸೇರಿ. ಅಪ್ಪನ ಪರವಾನಗಿ ಯಾವಾಗ ಮುಗಿಯುತ್ತದೆ ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರು ತೀರಿಕೊಂಡ ಮೇಲೆ ಅದು ಗೋಡೆಯ ಮೇಲೆ ನೇತಾಡುತ್ತಲೇ ಇದ್ದರೆ, ಆ ಮನೆಯಲ್ಲಿ ಉಳಿದ ಅಮ್ಮ ಪರವಾನಗಿ ಇಲ್ಲದ ಬಂದೂಕು ಇಟ್ಟುಕೊಂಡವರಾಗುತ್ತಾರೆ. ಅದಕ್ಕೆ ಈಗ ಶಿಕ್ಷೆ ಎರಡರಿಂದ ಐದು ವರ್ಷ. ಹನ್ನೊಂದನೇ ದಿನದ ಕಾರ್ಯಕ್ಕೆ ಕಾಯದೆ ಠಾಣೆಗೆ ಒಪ್ಪಿಸಬೇಕು.

ಅದಕ್ಕಿಂತ ಒಳ್ಳೆಯ ದಾರಿಯನ್ನು ನಿಯಮವೇ ಕೊಟ್ಟಿದೆ. ಪರವಾನಗಿದಾರರಿಗೆ ಎಪ್ಪತ್ತು ವರ್ಷ ತುಂಬಿದರೆ, ಇಲ್ಲವೇ ಆ ಕೋವಿ ಅವರ ಬಳಿ ಇಪ್ಪತ್ತೈದು ವರ್ಷ ಇದ್ದರೆ, ಬದುಕಿರುವಾಗಲೇ ತಾವು ಸೂಚಿಸಿದ ವಾರಸುದಾರರ ಹೆಸರಿಗೆ ಪರವಾನಗಿ ಕೊಡಿಸಬಹುದು. ನಾವು ಪುಣೆ-ಮುಂಬೈ ವಿಳಾಸದವರು, ತೋಟದ ಕೋವಿಗೆ ನಮ್ಮ ಹೆಸರು ಹೊಂದುವುದಿಲ್ಲ. ಊರಲ್ಲೇ ಉಳಿದ ತಮ್ಮ ಇದ್ದರೆ ಅವನ ಹೆಸರು, ತೋಟ ನೋಡಿಕೊಳ್ಳುತ್ತಿರುವುದು ಅಕ್ಕನಾದರೆ ಅಕ್ಕನ ಹೆಸರೇ ಇರಲಿ. ಅಪ್ಪನ ಹತ್ತಿರ ಈ ಮಾತು ತೆಗೆಯುವುದು ಕಷ್ಟ, ಏಕೆಂದರೆ ಕೋವಿಯ ಕೀಲಿ ಕೇಳಿದರೆ ಅವರಿಗೆ ಯಜಮಾನಿಕೆಯನ್ನೇ ಕೇಳಿದ ಹಾಗೆ ಕಾಣುತ್ತದೆ. ಊಟವಾದ ಮೇಲೆ, ಜಗಲಿಯಲ್ಲಿ ಕೂತು, ಮೊದಲು ಪರವಾನಗಿ ಪುಸ್ತಕ ಎಲ್ಲಿದೆ ಎಂದು ಕೇಳಿ. ಬೀರುವಿನ ಅಳತೆ ಮರುದಿನ ತೆಗೆದುಕೊಳ್ಳಬಹುದು.